ಇಸ್ತ್ರಿ ಎಂಬ ಶಬ್ದದ ಮೂಲ

ಸಂಗೊಳ್ಳಿಯಂಥ ಊರುಗಳಲ್ಲಿ ಅರಿವೆಗೆ ಹಾಕುವ ಇಸ್ತ್ರಿಯನ್ನು ಪರಭಾಷೆಯ ಶಬ್ದವೆಂದು ಬಗೆಯುವವರು ವಿರಳ. ಸಂಸ್ಕೃತದ ‘ಸ್ತ್ರೀ’ಯೊಡನೆ ಅದಕ್ಕೆ ನಂಟು ಕಲ್ಪಿಸುವವರೂ ಉಂಟು, ಅದು ಬರಿಯ ಧ್ವನಿಸಾಮ್ಯದ ಮೋಸ. ಪೋರ್ತುಗೀಜ ಹಾಗೂ ಸ್ಪೇನಿಶ್ ಭಾಷೆಗಳೆರಡರಲ್ಲಿಯೂ ಇರುವ ‘ಎಸ್ತಿರಾರ್’ ಎಂಬ ಕ್ರಿಯಾಪದವೇ ಇದರ ಮೂಲವೆಂದು ನಿಘಂಟುಕಾರರ ಮತ. ಎಳೆದು ನೀಳಮಾಡುವುದು, ಚಾಚುವುದು ಅದರ ಅರ್ಥ. ಕುಳಿತು ಜೋವು ಹಿಡಿದ ಕಾಲನ್ನು ನೀಡುವುದಕ್ಕೂ ಸ್ಪೇನಿನವರು ಅದನ್ನೇ ಬಳಸುತ್ತಾರೆ. ಸುಕ್ಕನ್ನು ಎಳೆದು ತೆಗೆಯುವ ಕೆಲಸಕ್ಕೆ ಆ ಹೆಸರು ಸಲ್ಲುವುದು ಸಹಜ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರು 1961ರವರೆಗೆ ಅಲ್ಲಿದ್ದರು. ನೆರೆಯ ಕನ್ನಡ, ಮರಾಠಿ, ಕೊಂಕಣಿಗಳಲ್ಲಿ ಅವರ ಶಬ್ದಗಳು ನೆಲೆನಿಂತುದು ಸೋಜಿಗವಲ್ಲ. ಕನ್ನಡವು ಕ್ರಿಯಾಪದವನ್ನು ನಾಮಪದವಾಗಿಸಿ, ‘ಮಾಡು’, ‘ಹಾಕು’ ಎಂಬ ತನ್ನ ಕ್ರಿಯೆಗಳನ್ನು ಜೋಡಿಸಿತು. ಇಂದು ಲಿಸ್ಬನ್ನಿನಲ್ಲಿ ಇಸ್ತ್ರಿ ಮಾಡುವುದಕ್ಕೆ ‘ಕಬ್ಬಿಣ ಹಾಯಿಸುವುದು’ ಎಂದೇ ರೂಢಿ.