ಒಡೆದ ಬಳಿ, ಹಂದರದ ತೋರಣ

ಇವತ್ತಿನ ಮಾತು ಗಾಜಿಂದು. ಶುರು ಆಗಿದ್ದು ಲಚ್ಯಾಣದ ನಮ್ಮ ಮನೆ ಹಿತ್ತಲಲ್ಲಿ.

ಅಕ್ಕನ ಮದುವೆಗೆ ಡೆಕೋರೇಷನ್‌ನವರು ಹೇಳಿದ ರೇಟು ಕೇಳಿ, ಬಿ.ಕಾಂ. ಮಾಡಿದ ನಾನು ಲೆಕ್ಕ ಹಾಕಿದೆ. ಗುಜರಿ ಅಂಗಡಿಯ ಖಾಲಿ ಬಾಟಲಿ ಹೆಚ್ಚುಕಡಿಮೆ ಪುಕ್ಕಟೆ. ಕತ್ತರಿಸಿ, ಒಳಗೆ ದೀಪ ಇಟ್ಟು, ಹಂದರಕ್ಕೆ ತೂಗುಹಾಕಿದರೆ ಮುಗೀತು. ಮೊಬೈಲಿನಲ್ಲಿ ನೋಡಿದ ಹಾಗೆ ಚಿಮಣಿ ಎಣ್ಣೆಯಲ್ಲಿ ಅದ್ದಿದ ದಾರ ಸುತ್ತಿ, ಬೆಂಕಿ ಹಚ್ಚಿ, ತಣ್ಣೀರಲ್ಲಿ ಮುಳುಗಿಸಿದೆ. 24 ಬಾಟಲಿಯಲ್ಲಿ ನೆಟ್ಟಗೆ ಬಂದವು 3. ಉಳಿದವು ಅಡ್ಡಾದಿಡ್ಡಿ ಸೀಳಿದವು. ಹೆಬ್ಬೆರಳಿಗೆ ಗಾಯ ಬೇರೆ.

ಕಟ್ಟೆ ಮೇಲೆ ಕುಂತಿದ್ದ ಅತ್ತಿ ನಕ್ಕಳು. “ಬಾಟ್ಲಿ ಸಾಕ್ ಬಿಡು. ಒಳಗ ಡಬ್ಬ್ಯಾಗ ಬಳಿಚೂರ್ ಅದಾವ, ತಗೊಂಬಾ.”

ಮೇಣಬತ್ತಿ ಉರಿಗೆ ಒಂದು ಚೂರು ಹಿಡಿದಳು. ನಡುಭಾಗ ಮೆತ್ತಗಾಗಿ ಎರಡೂ ತುದಿ ಬಾಗಿ ಕೂಡಿದವು, ಉಂಗುರ ಆಯ್ತು. ಅದರೊಳಗೆ ಇನ್ನೊಂದು ಚೂರು ತೂರಿಸಿ ಮತ್ತೆ ಬಗ್ಗಿಸಿದಳು. ಹೀಗೇ ಸರ ಬೆಳೆಯಿತು. ನಿಮ್ಮ ಅಜ್ಜಿನೂ ಚಿಕ್ಕವಳಿದ್ದಾಗ ಮಾಡಿರಬಹುದು, ಕೇಳಿ ನೋಡ್ರಿ.

ನನ್ನ ಬಾಟಲಿ ಯಾಕೆ ಸೀಳಿತು? ದಪ್ಪ ಗಾಜಿಗೆ ಒಂದೇ ಕಡೆ ಬಿಸಿ ತಾಗಿದರೆ ಆ ಭಾಗ ಹಿಗ್ಗುತ್ತದೆ, ಪಕ್ಕದ್ದು ಹಿಗ್ಗುವುದಿಲ್ಲ. ಆ ಜಗ್ಗಾಟದಲ್ಲಿ ಬಿರುಕು ಬೀಳುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಬಾಟಲಿಯನ್ನು ನಿಧಾನವಾಗಿ ಆರಿಸುತ್ತಾರೆ. ಬಳೆ ತೆಳ್ಳಗಿನದು, ಬಿಸಿ ಬೇಗ ಎಲ್ಲ ಕಡೆ ಹರಡುತ್ತದೆ.

ಆಮೇಲೆ ಗಾಜಿನ ಇತಿಹಾಸ ಓದಿದೆ. ಮೊದಲನೇ ಮಹಾಯುದ್ಧಕ್ಕೂ ಮುಂಚೆ ನಮ್ಮ ದೇಶಕ್ಕೆ ಬಳೆ, ದೀಪದ ಗಾಜು ಬಹಳಷ್ಟು ಬರುತ್ತಿದ್ದದ್ದು ಹೊರಗಿಂದ, ಅದರಲ್ಲೂ ಆಸ್ಟ್ರಿಯಾ ಕಡೆಯಿಂದ. ಸ್ವದೇಶಿ ಚಳವಳಿಯ ಕಾಲದಲ್ಲಿ ಮಹಾರಾಷ್ಟ್ರದಲ್ಲಿ ‘ಪೈಸಾ ಫಂಡ್’ ಶುರುವಾಯಿತು. ಜನರಿಂದ ಒಂದೊಂದು ಪೈಸೆ ಕೂಡಿಸಿ ಉದ್ಯಮ ಕಟ್ಟುವ ಯೋಚನೆ. ಈಗಿನ ಕ್ರೌಡ್ ಫಂಡಿಂಗ್ ಅನ್ನಿ. ಆ ದುಡ್ಡಲ್ಲೇ 1908ರಲ್ಲಿ ತಳೇಗಾಂವದಲ್ಲಿ ಗಾಜಿನ ಕಾರ್ಖಾನೆ ಎದ್ದಿತು. 1916ರಲ್ಲಿ ಓಗಲೆ ಗಾಜಿನ ಕಾರ್ಖಾನೆ ಬಂತು. ಕರಾಡ ಹತ್ತಿರದ ಓಗಲೆವಾಡಿಯಲ್ಲಿ ತಯಾರಾದ ಅವರ ‘ಪ್ರಭಾಕರ’ ಕಂದೀಲು ಮನೆಮಾತಾಯಿತು. ಬಳೆಗೆ ಉತ್ತರಪ್ರದೇಶದ ಫಿರೋಜಾಬಾದ್ ಹೆಸರಾಯಿತು.

ಗಾಜಿನ ವ್ಯವಹಾರದಲ್ಲಿ ಒಂದು ಚೆಂದ ಅದ. ಒಡೆದದ್ದು ನಷ್ಟ ಅಲ್ಲ, ಕಚ್ಚಾಮಾಲು. ಮತ್ತೆ ಕರಗಿಸಿದರೆ ಗಾಜೇ, ಗುಣ ಕೆಡುವುದಿಲ್ಲ. ಕುಲುಮೆಗೆ ಇಂಧನವೂ ಕಡಿಮೆ ಸಾಕು.

ಆದರೆ ಬಳೆಗೆ ಇನ್ನೊಂದು ಲೆಕ್ಕ ಇದೆ, ಅದು ಯಾವ ಖಾತೆಯಲ್ಲೂ ಬರೆದಿಲ್ಲ. ಮಾವ ತೀರಿಕೊಂಡ ದಿನ ಅತ್ತಿಯ ಕೈಬಳೆ ಒಡೆದರು. ನಾನಾಗ ಐದನೇ ಇಯತ್ತೆ. ಆ ಹಸಿರು ಚೂರುಗಳನ್ನೂ ಅತ್ತಿ ಅದೇ ಡಬ್ಬಿಯಲ್ಲಿ ಇಟ್ಟಿದ್ದಳು ಅಂತ ಗೊತ್ತಾಗಿದ್ದು ಈಗ. “ಕಸದಾಗ ಒಗಿಲಿಕ್ಕೆ ಮನಸ ಬರಲಿಲ್ಲ” ಅಂದಳು, ಅಷ್ಟೇ.

ಕೊಲ್ಹಾಪುರ ಜಿಲ್ಲೆಯಲ್ಲಿ ಹೇರವಾಡ ಅಂತ ಒಂದು ಊರಿದೆ. ಗಂಡ ಸತ್ತಾಗ ಬಳೆ ಒಡೆಯುವುದು, ಕುಂಕುಮ ಅಳಿಸುವುದು ಇವೆಲ್ಲ ಬೇಡ ಅಂತ 2022ರ ಮೇ ತಿಂಗಳಲ್ಲಿ ಅಲ್ಲಿನ ಗ್ರಾಮ ಪಂಚಾಯಿತಿ ಠರಾವು ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ, ಉಳಿದ ಊರುಗಳೂ ಹೀಗೆ ಮಾಡಲಿ ಅಂತ ಸುತ್ತೋಲೆ ಹೊರಡಿಸಿತು.

ನಮ್ಮ ಮನೆಯಲ್ಲಿ ಠರಾವು ಇರಲಿಲ್ಲ, ಜಗಳ ಇತ್ತು. ಅತ್ತಿಯ ಕೈಯಿಂದಾದ ತೋರಣ ಮದುವೆ ಬಾಗಿಲಿಗೆ ಕಟ್ಟಬಹುದಾ ಅಂತ ಹಿರಿಯರೊಬ್ಬರು ಎತ್ತಿದರು. ಅಕ್ಕ ಏನೂ ವಾದ ಮಾಡಲಿಲ್ಲ. ಸ್ಟೂಲ್ ತಂದಳು, ಹತ್ತಿದಳು, ಕಟ್ಟಿದಳು.

ನನ್ನ ಮೂರು ಬಾಟಲಿ ದೀಪ ಯಾರೂ ಗಮನಿಸಲಿಲ್ಲ. ಬಳೆ ತೋರಣದ ಮುಂದೆ ಮಾತ್ರ ಎಲ್ಲರೂ ಸೆಲ್ಫಿ ತೆಗೆದುಕೊಂಡರು. ಅಕ್ಕಿಕಾಳು ಹಾಕುವ ಹೊತ್ತಿಗೆ ತಿರುಗಿ ನೋಡಿದೆ. ತೋರಣ ಬಾಗಿಲಲ್ಲಿತ್ತು. ಅತ್ತಿ ಅಡುಗೆಮನೆಯಲ್ಲಿದ್ದಳು.

ಇತಿಹಾಸ ಅಲ್ಲಿಯವರೆಗೆ ಬಂದು ನಿಂತದ. ಮುಂದಿನದು ನಮ್ಮ ಕೈಯಾಗ. ಸಿಗೋಣ್ರಿ.