ದುಂಡಾಣು ಎಲೆ ಅಂಗಮಾರಿ: ಭತ್ತ ಮತ್ತು ರೋಗಾಣುವಿನ ಸಹವಿಕಾಸ

ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಭಾಗದಲ್ಲಿ ಭತ್ತವನ್ನು ಕಾಡುವ ರೋಗವಿದು. ಕಾರಣ, ಕ್ಸಾಂಥೊಮೊನಾಸ್ ಒರೈಜೆ ಎಂಬ ಬ್ಯಾಕ್ಟೀರಿಯಾ. ಎಲೆಯಂಚು ತುದಿಯಿಂದ ಅಲೆಯಲೆಯಾಗಿ ಹಳದಿಗೆ ತಿರುಗಿ ಒಣಗುತ್ತದೆ. ನಸುಕಿನಲ್ಲಿ ಅದರ ಮೇಲೆ ಅಂಟು ಹನಿಗಳು ಕಾಣುತ್ತವೆ. ರೋಗಾಣು ತನ್ನ ಪ್ರೋಟೀನೊಂದನ್ನು ಜೀವಕೋಶಕ್ಕೆ ತೂರಿಸಿ, ಸಕ್ಕರೆ ಹೊರಬಿಡುವ ಗಿಡದ ವಂಶವಾಹಿಯನ್ನೇ ಚಾಲೂ ಮಾಡಿಸುತ್ತದೆ. ಆ ಪ್ರೋಟೀನು ಕೂರುವ ಡಿಎನ್‌ಎ ಜಾಗವೇ ಎಕ್ಸ್‌ಎ13 ಎಂಬ ರೋಗನಿರೋಧಕ ವಂಶವಾಹಿ ಉಳ್ಳ ಭತ್ತದಲ್ಲಿ ಬದಲಾಗಿದೆ, ಹಾಗಾಗಿ ದಾರಿ ಮುಚ್ಚುತ್ತದೆ. ಆದರೆ ರೋಗಾಣುವಿನ ಕೆಲವು ತಳಿಗಳು ಬೇರೊಂದು ಸಕ್ಕರೆ ವಂಶವಾಹಿಯನ್ನು ಎಬ್ಬಿಸಿ ಒಳನುಗ್ಗುತ್ತವೆ. ಆಫ್ರಿಕದ ಕಾಡುಭತ್ತದಿಂದ ಬಂದ ಎಕ್ಸ್‌ಎ21 ವಂಶವಾಹಿಯಾದರೋ ರೋಗಾಣುವನ್ನೇ ಗುರುತಿಸಿ ರಕ್ಷಣೆಗೆ ಚಾಲನೆ ಕೊಡುತ್ತದೆ. ರೋಗಾಣು ಹೀಗೆ ಬೇರೆ ದಾರಿ ಹುಡುಕುವುದರಿಂದ ಒಂದೇ ವಂಶವಾಹಿಯನ್ನು ನೆಚ್ಚುವುದು ಅಪಾಯ. ಹಾಗಾಗಿ ಎಕ್ಸ್‌ಎ13, ಎಕ್ಸ್‌ಎ21 ಎರಡಕ್ಕೂ ಎಕ್ಸ್‌ಎ5 ಎಂಬ ಇನ್ನೊಂದು ನಿರೋಧಕ ವಂಶವಾಹಿಯನ್ನು ಸೇರಿಸಿ ಹೈದರಾಬಾದಿನ ವಿಜ್ಞಾನಿಗಳು ರೂಪಿಸಿದ ಸುಧಾರಿತ ಸಾಂಬಾ ಮಸೂರಿ ಎಂಬ ಭತ್ತದ ತಳಿ 2008ರಲ್ಲಿ ಬಿಡುಗಡೆಯಾಯಿತು.