ಮಾಸದ ಹಸಿರು
ಮುಂಗಾರಿನಲ್ಲಿ ಜಾಲಿಗಿಡದ ಮೇಲೆ ಸಿಗುವ ಜೀರ್ಜಿಂಬೆಯನ್ನು ಬೆಂಕಿಪೊಟ್ಟಣದಲ್ಲಿಟ್ಟು, ಜಾಲಿಸೊಪ್ಪು ಹಾಕಿ ಸಾಕುವುದು ನಮ್ಮ ಬಯಲುಸೀಮೆಯ ಹಳ್ಳಿಮಕ್ಕಳ ಹಳೆಯ ಆಟ. ಅದೇ ಕುಲದ ಹುಳಗಳ ಹಸಿರು ರೆಕ್ಕೆಗಳು 19ನೇ ಶತಮಾನದಲ್ಲಿ ಮದರಾಸು, ಕಲ್ಕತ್ತಗಳಲ್ಲಿ ತೆಳು ಮಸ್ಲಿನ್ ಬಟ್ಟೆಯ ಮೇಲೆ ಜರತಾರಿಯ ಜೊತೆ ಕೂತು ಇಂಗ್ಲೆಂಡಿಗೆ ಹಡಗು ಹತ್ತಿದವು. ಈ ಕಸೂತಿಯನ್ನು ವಿಕ್ಟೋರಿಯಾ ಕಾಲದ ಸಿರಿವಂತ ಹೆಂಗಸರ ಶೋಕಿ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ಶೋಕಿ ಹತ್ತಿಪ್ಪತ್ತು ವರ್ಷಕ್ಕೆ ಬದಲಾಗುತ್ತದೆ. ಒಬ್ಬರಿಗೊಬ್ಬರ ಪರಿಚಯವೇ ಇಲ್ಲದ ಕುಶಲಕರ್ಮಿಗಳು, ಬೇರೆ ಬೇರೆ ನಾಡುಗಳಲ್ಲಿ, ಶತಮಾನಗಳ ಅಂತರದಲ್ಲಿ ಇದೇ ಬಗೆಯ ಹುಳದ ರೆಕ್ಕೆಗೆ ಕೈಹಾಕಿದ್ದಾರೆಂದರೆ ಕಾರಣವನ್ನು ಹುಳದ ಮೈಯಲ್ಲೇ ಹುಡುಕಬೇಕು.

ಜೀರ್ಜಿಂಬೆಯೂ ಸೇರಿದಂತೆ ಜೀರುಂಡೆಗಳ ಮುಂದಿನ ಜೋಡಿ ರೆಕ್ಕೆ ಹಾರುವುದಕ್ಕಲ್ಲ. ಅದು ಗಟ್ಟಿಯಾಗಿ ಚಿಪ್ಪಾಗಿದೆ. ಹಾರುವ ತೆಳುರೆಕ್ಕೆ ಅದರಡಿಯಲ್ಲಿ ಮಡಚಿಕೊಂಡಿರುತ್ತದೆ. ಆ ಚಿಪ್ಪೊಂದನ್ನು ಬೆರಳ ತುದಿಯಲ್ಲಿಟ್ಟು ನೋಡಿ: ಉಗುರಿನಂತೆ ಬಾಗಿದೆ, ತೂಕವೇ ಇಲ್ಲ, ಮೈತುಂಬ ಸಣ್ಣ ಸಣ್ಣ ಕುಳಿ. ನೇರ ನೋಡಿದರೆ ಹಸಿರು, ಓರೆ ಮಾಡಿದರೆ ನೀಲಿ. ಬಣ್ಣ ಹೀಗೆ ಜಾರುವುದಕ್ಕೆ ಕಾರಣ, ಅದು ಬಳಿದ ಬಣ್ಣವಲ್ಲ ಎಂಬುದು. ಚಿಪ್ಪಿನ ಮೇಲ್ಪದರದಲ್ಲಿ ಕಾಗದದ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು ತೆಳುವಾದ ಹಾಳೆಗಳು ಒಂದರ ಮೇಲೊಂದು ಕೂತಿವೆ. ಒಂದೊಂದು ಹಾಳೆಯಿಂದ ಮರಳುವ ಬೆಳಕು ಒಂದನ್ನೊಂದು ಕೂಡಿ ಹಸಿರನ್ನು ಬಲಪಡಿಸುತ್ತದೆ. ವಿಜ್ಞಾನಿಗಳಿಗೂ ಇದು ಬೇಗ ಬಗೆಹರಿಯಲಿಲ್ಲ. ಬೆಳಕಿನ ನಿಖರ ಅಳತೆಯ ಉಪಕರಣಗಳಿಗಾಗಿ ನೊಬೆಲ್ ಪಡೆದಿದ್ದ ಭೌತವಿಜ್ಞಾನಿ ಮೈಕೆಲ್ಸನ್ 1911ರಲ್ಲಿ, ಈ ಹೊಳಪು ಲೋಹದ ಹೊಳಪಿನಂತೆ ಮೇಲ್ಮೈಯ ಗುಣ ಎಂದೇ ವಾದಿಸಿದರು. ಪದರಗಳ ವಾದ ಕೊನೆಗೆ ಗೆದ್ದಿತು. ಕಸೂತಿಯವನಿಗೆ ಇದಾವುದೂ ತಿಳಿದಿರಬೇಕಿರಲಿಲ್ಲ, ಹಸಿರು ಮಾಸುವುದಿಲ್ಲ ಎಂಬುದಷ್ಟೇ ಸಾಕಿತ್ತು. ಬಣ್ಣದ ಕಣಗಳು ಬಿಸಿಲಿಗೆ ಒಡೆಯುತ್ತವೆ. ಹಾಳೆಗಳ ಜೋಡಣೆ ಕದಲದಿದ್ದರೆ ಈ ಬಣ್ಣ ಉಳಿಯುತ್ತದೆ. ಜರ್ಮನಿಯ ಮೆಸೆಲ್‌ನಲ್ಲಿ ಸಿಕ್ಕ ಸುಮಾರು 4.7 ಕೋಟಿ ವರ್ಷ ಹಳೆಯ ಜೀರುಂಡೆ ಪಳೆಯುಳಿಕೆಗಳು ಇಂದಿಗೂ ಹೊಳೆಯುತ್ತವೆ.

ಹೊಳಪೇ ಮುಖ್ಯವಾಗಿದ್ದರೆ ಮಿಂಚುಹುಳುವನ್ನೇಕೆ ಯಾರೂ ಹೊಲಿಯಲಿಲ್ಲ ಎಂದು ಕೇಳಬಹುದು, ಅದೂ ಜೀರುಂಡೆಯೇ ತಾನೆ? ಉತ್ತರ ನನ್ನ ವಾದವನ್ನೇ ಬಲಪಡಿಸುತ್ತದೆ. ಮಿಂಚುಹುಳುವಿನ ಬೆಳಕು ರಾಸಾಯನಿಕ ಕ್ರಿಯೆ. ಹುಳ ಸತ್ತ ಮೇಲೆ ಅದು ಆರಿಹೋಗುತ್ತದೆ. ಕ್ಯೂಬಾದಲ್ಲಿ ಹೆಂಗಸರು ಕುಕುಯೋ ಎಂಬ ಬೆಳಗುವ ಜೀರುಂಡೆಯನ್ನು ಮುಡಿಗೂ ಉಡುಪಿಗೂ ಸಿಕ್ಕಿಸಿಕೊಳ್ಳುತ್ತಿದ್ದರು, ಆದರೆ ಜೀವಂತವಾಗಿ. ಅದು ಒಂದು ಸಂಜೆಯ ಒಡವೆ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಇದು ಪಚ್ಚೆಕಲ್ಲಿಗೆ ಅಗ್ಗದ ಬದಲಿ ಅಷ್ಟೇ ಅಲ್ಲವೇ? ಜಮ್ಮುವಿನ ಬಸೋಲಿಯಲ್ಲಿ ಹೌದು. 17ನೇ ಶತಮಾನದ ಉತ್ತರಾರ್ಧದ ರಸಮಂಜರಿ ಚಿತ್ರಗಳಲ್ಲಿ ನಾಯಿಕೆಯ ಒಡವೆಯ ಪಚ್ಚೆಯ ಜಾಗಕ್ಕೆ ರೆಕ್ಕೆಯ ಚೂರುಗಳನ್ನು ಅಂಟಿಸಿದ್ದಾರೆ. ಆದರೆ ಜಪಾನಿನ ನಾರಾ ಬಳಿಯ ಹೋರ್ಯೂಜಿಯಲ್ಲಿರುವ 7ನೇ ಶತಮಾನದ ತಮಾಮುಶಿ ಮಂಟಪ ಯಾವ ಕಲ್ಲನ್ನೂ ಅನುಕರಿಸುತ್ತಿಲ್ಲ. ಅಲ್ಲಿ ಜಾಲರಿಯಂತೆ ಕೊರೆದ ಲೋಹದ ತಗಡಿನ ಕೆಳಗೆ ರೆಕ್ಕೆ ಹಾಸಿ, ಸಂದಿಯಿಂದ ಹಸಿರು ಇಣುಕುವಂತೆ ಮಾಡಿದ್ದರು. ಇನ್ನು ಮಸ್ಲಿನ್ ಮಾತು. ಆ ಬಟ್ಟೆ ಕಲ್ಲಿನ ಭಾರಕ್ಕೆ ಜಗ್ಗಿ ಹರಿದೀತು. ರೆಕ್ಕೆಯನ್ನಾದರೆ ಅಂಚು ಕತ್ತರಿಸಿ, ತೂತು ಮಾಡಿ, ಚಮಕಿಯಂತೆ ಹೊಲಿಯಬಹುದು. ಈ ಕೆಲಸವನ್ನು ಕಲ್ಲು ಮಾಡಲಾರದು.

ಹೋರ್ಯೂಜಿಯ ರೆಕ್ಕೆಗಳಲ್ಲಿ ಹೆಚ್ಚಿನವು ಉದುರಿಹೋಗಿವೆ ಎಂಬುದು ನಿಜ. ಚಿಪ್ಪು ಒಣಗಿದಂತೆ ಸೀಳುತ್ತದೆ. ಸೋಲುವುದು ಅಂಟು ಮತ್ತು ಅಂಚು, ಬಣ್ಣವಲ್ಲ. ಇದನ್ನು ಸ್ಪಷ್ಟವಾಗಿ ತೋರಿಸುವುದು ನಟಿ ಎಲೆನ್ ಟೆರಿ 1888ರಲ್ಲಿ ಲೇಡಿ ಮ್ಯಾಕ್‌ಬೆತ್ ಪಾತ್ರಕ್ಕೆ ತೊಟ್ಟ ಉಡುಪು. ಅದರ ಮೇಲೆ ಸಾವಿರಕ್ಕೂ ಹೆಚ್ಚು ರೆಕ್ಕೆಗಳಿದ್ದವು. 2011ರಲ್ಲಿ ಮುಗಿದ ದುರಸ್ತಿಯಲ್ಲಿ ಮುರಿದ ರೆಕ್ಕೆಗಳ ಹಿಂಬದಿಗೆ ತೆಳು ಜಪಾನಿ ಕಾಗದವನ್ನು ಗೋಧಿ ಗಂಜಿಯಿಂದ ಅಂಟಿಸಿ ಮತ್ತೆ ಕೂಡಿಸಿದರು. ಯಾವ ರೆಕ್ಕೆಗೂ ಬಣ್ಣ ಬಳಿಯಬೇಕಾಗಲಿಲ್ಲ.